ಸಾಲಿಯ ಭಯವೂ ಸೆರೆಯ ಅಂಗಡಿಯೂ

ಧಾರವಾಡದ ಎರೆಭೂಮಿಯು ತನ್ನ ಕಪ್ಪನ್ನು ಕ್ರಮೇಣ ಕಳೆದುಕೊಂಡು ಕೆಮ್ಮಣ್ಣಿಗೂ ಭತ್ತದ ಗದ್ದೆಗಳಿಗೂ ಸಾಗುವಾನಿಯ ನೆರಳಿಗೂ ಎಡೆಗೊಡುತ್ತ, ಬಯಲುಸೀಮೆಯು ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಮೊದಲಾಯಿತು ಎಂಬುದು ದಾರಿಹೋಕನಿಗೆ ತಿಳಿಯದಂತೆ ಹಬ್ಬಿರುವ ಕಲಘಟಗಿ ತಾಲೂಕಿನಲ್ಲಿ, ಬಸವಣ್ಣನ ಗುಡಿಯಿಂದಾಗಿ ಸುತ್ತಣ ಹಳ್ಳಿಗಳಿಗೆಲ್ಲ ಪರಿಚಿತವಾದ ತಂಬೂರವೆಂಬ ಗ್ರಾಮವುಂಟು. ತಾಲೂಕಿನ ಮುಖ್ಯಸ್ಥಳವಾದ ಕಲಘಟಗಿಯು ಬಣ್ಣದ ಮರದ ತೊಟ್ಟಿಲುಗಳಿಗೆ ನಾಡಿನಲ್ಲೆಲ್ಲ ಹೆಸರಾದುದು. ಅಂತಹ ತೊಟ್ಟಿಲಿನಿಂದಿಳಿದ ಕೂಸು ಐದಾರು ವರ್ಷಗಳ ಬಳಿಕ ಸಾಲಿಯ ಹೊಸ್ತಿಲನ್ನು ದಾಟಿದಾಗ ಅಲ್ಲಿ ಅದಕ್ಕೆ ಕಾದಿರುತ್ತಿದ್ದುದೇನು, ಅದನ್ನು ಕಾಡುತ್ತಿದ್ದವರಾರು, ಕಾಯುತ್ತಿದ್ದವರಾರು ಎಂಬುದೇ ಈ ಬರಹದ ವಿಷಯ.

ಈಗ ಈ ಸೀಮೆಯ ಸರಕಾರಿ ಸಾಲಿಗಳಿಗೆ ವರ್ಷದುದ್ದಕ್ಕೂ ಕಾರ್ಯಕ್ರಮಗಳ ಸುತ್ತೋಲೆಗಳು ಬರುತ್ತವೆ. ಆಗಸ್ಟ್ 1ರಂದು ವ್ಯಸನಮುಕ್ತ ದಿನ, ಜೂನ್ 26ರಂದು ಮಾದಕವಸ್ತು ವಿರೋಧಿ ದಿನ, ಮೇ 31ರಂದು ಸಾಲಿ ಬೇಸಿಗೆಯ ರಜೆಯಿಂದ ತೆರೆಯುವ ಹೊತ್ತಿಗೆ ಸರಿಯಾಗಿ ತಂಬಾಕು ವಿರೋಧಿ ದಿನ. ಇವುಗಳ ನಡುವೆ ಪೊಲೀಸರ ‘ತೆರೆದ ಮನೆ’, ಮಕ್ಕಳ ಸಹಾಯವಾಣಿ 1098ರ ಭಿತ್ತಿಚಿತ್ರ, ಮುಖ್ಯಾಧ್ಯಾಪಕರ ಕೋಣೆಯ ಹೊರಗಿನ ದೂರುಪೆಟ್ಟಿಗೆ. ಹುಡುಗರು ಸಾಲಾಗಿ ನಿಂತು ಬಲಗೈಯನ್ನು ಮುಂದಕ್ಕೆ ಚಾಚಿ ಪ್ರತಿಜ್ಞೆಯನ್ನು ಗಟ್ಟಿಯಾಗಿ ನುಡಿಯುತ್ತಾರೆ. ಇವೆಲ್ಲವೂ ಹೊಸ ಕಾಲದ ಹೊಸ ಕೇಡುಗಳಿಗೆ ಹೊಸದಾಗಿ ಕಂಡುಹಿಡಿದ ಮದ್ದುಗಳೆಂಬ ಭಾವನೆಯು ಓದಿದವರಲ್ಲಿಯೂ ಬಲವಾಗಿದೆ. ಹಿಂದಿನ ಸಾಲಿಗಳಲ್ಲಿ ಶಿಸ್ತಿದ್ದಿತು, ಹುಡುಗರು ಒಬ್ಬರನ್ನೊಬ್ಬರು ಪೀಡಿಸುತ್ತಿರಲಿಲ್ಲ, ಚಟವೆಂಬುದನ್ನು ಅರಿತಿರಲಿಲ್ಲ ಎಂದು ಹಿರಿಯರು ಹೇಳುವುದೂ ಉಂಟು. ಆದರೆ ಕಾಗದಪತ್ರಗಳ ಸಾಕ್ಷ್ಯವು ಬೇರೆಯೇ ಇದೆ. ಮಕ್ಕಳ ನಡುವಣ ಹಿಂಸೆಗೆ ಪಾಠ ಹೇಳಿದ್ದು ನಮ್ಮ ಸಾಲಿಯೇ. ಆ ಸಾಲಿಯ ಖರ್ಚಿನ ಒಂದು ಪಾಲನ್ನು ಬಹುಕಾಲ ತುಂಬಿಕೊಟ್ಟದ್ದು ಸೆರೆಯ ಅಂಗಡಿಯೇ. ಆದುದರಿಂದ ಇಂದಿನ ಈ ಕಾರ್ಯಕ್ರಮಗಳನ್ನು ಮಕ್ಕಳಿಗೆ ಬುದ್ಧಿ ಹೇಳುವ ಉಪಕ್ರಮಗಳೆಂದು ಬಗೆಯುವುದಕ್ಕಿಂತ, ಸಾಲಿಯೆಂಬ ಸಂಸ್ಥೆಯು ತನ್ನ ಮೇಲಿನ ಎರಡು ಹಳೆಯ ಋಣಗಳನ್ನು ತೀರಿಸಲು ಮಾಡುತ್ತಿರುವ ನಿಧಾನವಾದ ಯತ್ನವೆಂದು ಬಗೆಯುವುದೇ ಇತಿಹಾಸಕ್ಕೆ ಒಪ್ಪುವ ಮಾತು.

ಮೊದಲು ಭಯದ ಸಂಗತಿ. ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಕಲೆಕ್ಟರನಾಗಿದ್ದ ಎ.ಡಿ. ಕ್ಯಾಂಪ್‌ಬೆಲ್ ಎಂಬವನು, ಮದರಾಸಿನ ಗವರ್ನರನಾದ ಥಾಮಸ್ ಮನ್ರೋನ ಆಜ್ಞೆಯ ಮೇರೆಗೆ ತನ್ನ ಜಿಲ್ಲೆಯ ದೇಶೀಯ ಶಾಲೆಗಳನ್ನು ಕುರಿತು 1823ರ ಆಗಸ್ಟಿನಲ್ಲಿ ಒಂದು ದೀರ್ಘ ವರದಿಯನ್ನು ಬರೆದು ಕಳುಹಿಸಿದನು. 533 ಶಾಲೆಗಳು, 6,641 ವಿದ್ಯಾರ್ಥಿಗಳು ಎಂಬ ಲೆಕ್ಕವನ್ನು ಕೊಟ್ಟು ಆತನು ಸುಮ್ಮನಾಗಲಿಲ್ಲ. ಶಾಲೆಯ ಒಂದು ದಿನವು ಹೇಗೆ ಆರಂಭವಾಗುತ್ತಿತ್ತೆಂಬುದನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದನು. ಮುಂಜಾವದಲ್ಲಿ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು; ಎರಡನೆಯವನ ಅಂಗೈಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ; ಮೂರನೆಯವನಿಗೆ ಬೆತ್ತದ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆಲ್ಲ ಬಂದ ಕ್ರಮದಲ್ಲಿ ಒಂದೊಂದು ಹೆಚ್ಚು. ಕಡೆಯವನಾಗಿ ಬಂದ ಬಡಪಾಯಿಯ ಅಂಗೈ ಏನಾಗುತ್ತಿತ್ತೆಂಬುದನ್ನು ಓದುಗರೇ ಎಣಿಸಿಕೊಳ್ಳಬಹುದು. ಮೈಗಳ್ಳನಿಗೆ ಚಾಟಿಯೇಟು, ಅದಕ್ಕೂ ಬಗ್ಗದವನ ಎರಡೂ ಕೈಗಳನ್ನು ಕಟ್ಟಿ, ಮಾಡಿನ ತೊಲೆಗೆ ಹಾಕಿದ ಹಗ್ಗದಿಂದ ತೂಗುಹಾಕುವುದು, ಇಲ್ಲವೆ ನಿಲ್ಲಿಸದೆ ಮಂಡಿಯೂರಿಸಿ ಏಳಿಸುವುದು. ನಮ್ಮ ಜನರು ಕೋದಂಡವೆಂದು ಕರೆದುದು ಹಾಗೆ ತೂಗುಹಾಕುವ ಈ ಶಿಕ್ಷೆಯನ್ನೇ. ಗಾಂವಠಿ ಶಾಲೆಗಳ ಅಯ್ಯಗಳು ಅದನ್ನು ಬಳ್ಳಾರಿಯಲ್ಲಿ ಮಾತ್ರವೇ ಅಲ್ಲ, ಕನ್ನಡ ನುಡಿಯುವ ಸೀಮೆಯ ಉದ್ದಗಲಕ್ಕೂ ಬಳಸುತ್ತಿದ್ದರೆಂಬುದಕ್ಕೆ ನಮ್ಮ ಅಜ್ಜಂದಿರ ಬಾಯಿಮಾತೇ ಸಾಕಷ್ಟು ಪ್ರಮಾಣ.

ಕ್ಯಾಂಪ್‌ಬೆಲ್ಲನ ವರದಿಯಲ್ಲಿ ನಮ್ಮ ಪ್ರಕೃತ ವಿಷಯಕ್ಕೆ ಇದಕ್ಕಿಂತಲೂ ಹತ್ತಿರವಾದ ಇನ್ನೊಂದು ಮಾತಿದೆ. ಆ ಶಾಲೆಗಳಲ್ಲಿ ಗುರುವು ಒಬ್ಬನೇ. ಶಿಷ್ಯರೋ ನಾನಾ ವಯಸ್ಸಿನವರು. ಆದಕಾರಣ ಮುಂದುವರಿದ ಹುಡುಗರೇ ಹಿಂದಿನವರಿಗೆ ಅಕ್ಷರವನ್ನು ತಿದ್ದಿಸುತ್ತಿದ್ದರು. ಈ ಪದ್ಧತಿಯಲ್ಲಿ ಒಂದು ಅಗ್ಗದ ಜಾಣ್ಮೆಯಿದ್ದುದನ್ನು ಕಂಡೇ ಆಂಡ್ರೂ ಬೆಲ್ ಎಂಬ ಪಾದ್ರಿಯು ಅದನ್ನು ಮದರಾಸಿನಿಂದ ಇಂಗ್ಲೆಂಡಿಗೆ ಕೊಂಡೊಯ್ದು ಅಲ್ಲಿಯ ಬಡ ಮಕ್ಕಳ ಶಾಲೆಗಳಲ್ಲಿ ನೆಟ್ಟನು. ಪದ್ಧತಿಯ ಈ ಯಶಸ್ಸನ್ನು ನಾವು ಬಲು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅಕ್ಷರವನ್ನು ತಿದ್ದಿಸುವ ಅಧಿಕಾರದೊಡನೆ ಕಿವಿಯನ್ನು ಹಿಂಡುವ ಅಧಿಕಾರವೂ ದೊಡ್ಡ ಹುಡುಗನ ಕೈಗೆ ಬರುತ್ತಿತ್ತೆಂಬುದನ್ನು ಹೇಳಿಕೊಳ್ಳುವುದಿಲ್ಲ. ಉತ್ತರ ಹೇಳಲಾರದವನ ಕೆನ್ನೆಗೆ ಉತ್ತರ ಹೇಳಿದವನು ಹೊಡೆಯಬೇಕು, ಮೆಲ್ಲಗೆ ಹೊಡೆದರೆ ಮಾಸ್ತರರು ಹೊಡೆದವನಿಗೇ ಹೊಡೆದು ತೋರಿಸುವರು—ಈ ಪದ್ಧತಿಯು ಗಾಂವಠಿ ಶಾಲೆಗಳೊಡನೆ ಅಳಿಯದೆ ಸರಕಾರಿ ಸಾಲಿಗಳಲ್ಲಿಯೂ ಬಹುಕಾಲ ಉಳಿದುಬಂದುದನ್ನು ಈಗಿನ ಅರವತ್ತು ಎಪ್ಪತ್ತರ ಪ್ರಾಯದವರು ನಕ್ಕು ಹೇಳುತ್ತಾರೆ. ನಗುವುದಕ್ಕೆ ಅವರಿಗೆ ಹಕ್ಕಿದೆ, ಏಟು ತಿಂದವರು ಅವರೇ. ನಮಗಾದರೋ ಇಲ್ಲಿ ಕಾಣುವುದು ಇಷ್ಟು: ಬಲಿಷ್ಠನಾದ ಹುಡುಗನು ದುರ್ಬಲನಾದ ಹುಡುಗನನ್ನು ಕಾಡುವುದು ಶಾಲೆಯ ಬೆನ್ನ ಹಿಂದೆ ನಡೆಯುತ್ತಿದ್ದ ಕಳ್ಳಾಟವಾಗಿರಲಿಲ್ಲ, ಶಾಲೆಯ ಕಣ್ಣೆದುರಿನಲ್ಲಿ ಶಾಲೆಯ ಅಪ್ಪಣೆಯಿಂದಲೇ ನಡೆಯುತ್ತಿದ್ದ ಕ್ರಮವಾಗಿತ್ತು.

ಧಾರವಾಡ ಪ್ರಾಂತದಲ್ಲಿ ಕುಂಪಣಿ ಸರಕಾರದ ಕನ್ನಡ ಶಾಲೆಗಳು 1826ರಿಂದ ತಲೆಯೆತ್ತಿದವು. ಮರಾಠಿಯ ನೆರಳಿನಲ್ಲಿ ಕನ್ನಡವನ್ನು ಬದುಕಿಸಿದ ಡೆಪ್ಯುಟಿ ಚನ್ನಬಸಪ್ಪನವರು, ವೆಂಕಟ ರಂಗೋ ಕಟ್ಟಿಯವರು ಮೊದಲಾದ ಮಹನೀಯರ ಕಾರ್ಯವು ಸುಪ್ರಸಿದ್ಧವಾದುದರಿಂದ ಅದನ್ನಿಲ್ಲಿ ವಿಸ್ತರಿಸಬೇಕಾಗಿಲ್ಲ. ಶಿಕ್ಷಕರನ್ನು ಸಿದ್ಧಗೊಳಿಸುವ ಟ್ರೇನಿಂಗ್ ಕಾಲೇಜು ಧಾರವಾಡದಲ್ಲಿ ನೆಲೆಗೊಂಡುದರಿಂದಲೂ, 1865ರಲ್ಲಿ ಶಿಕ್ಷಕರಿಗೆಂದೇ ‘ಮಠಪತ್ರಿಕೆ’ಯು ಹುಟ್ಟಿ ಮುಂದೆ ‘ಜೀವನ ಶಿಕ್ಷಣ’ವೆಂಬ ಹೆಸರಿನಿಂದ ಬೆಳೆದುದರಿಂದಲೂ, ಕಲಿಸುವುದೆಂದರೆ ಹೊಡೆಯುವುದಲ್ಲ, ಅದೊಂದು ವಿದ್ಯೆ, ಅದನ್ನು ಅಭ್ಯಾಸ ಮಾಡಬೇಕು ಎಂಬ ತಿಳಿವಳಿಕೆಯು ಹಳ್ಳಿಯ ಮಾಸ್ತರರ ವರೆಗೆ ಹನಿಹನಿಯಾಗಿ ಇಳಿಯಿತು. ಕೋದಂಡದ ಹಗ್ಗವು ತೊಲೆಯಿಂದ ಇಳಿಯಿತು. ಛಡಿಯು ಮಾತ್ರ ಮೇಜಿನ ಮೇಲೆ ಉಳಿಯಿತು. ಮುಲ್ಕಿ ಪರೀಕ್ಷೆಗೆ ಕುಳಿತ ತಲೆಮಾರುಗಳೆಲ್ಲ ಅದರ ಕೆಳಗೇ ಮಗ್ಗಿಯನ್ನು ಬಾಯಿಪಾಠ ಮಾಡಿದವು. ದಂಡಂ ದಶಗುಣಂ ಎಂಬುದು ಮಾಸ್ತರರ ಬಾಯಲ್ಲಿಯೂ ಇತ್ತು, ಮಗನನ್ನು ಸಾಲಿಗೆ ಹಚ್ಚಲು ಕೈಹಿಡಿದು ತಂದ ತಂದೆಯ ಬಾಯಲ್ಲಿಯೂ ಇತ್ತು. “ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದಲ್ಲಿ ಹೊಡೀರಿ, ಮಾಸ್ತರ್” ಎಂದು ಹೇಳಿ ಹೋಗುವುದು ಈ ಸೀಮೆಯಲ್ಲಿ ಗುರುಭಕ್ತಿಯ ಲಕ್ಷಣವೆನಿಸಿತ್ತು.

ಏಟಿಗಿಂತ ಕಠಿಣವಾದ ಪೀಡೆಯೊಂದು ಇತ್ತು. ಅದರ ದಾಖಲೆಯೂ ಧಾರವಾಡದ್ದೇ ಆಗಿರುವುದು ನಮ್ಮ ಜಿಲ್ಲೆಯ ಭಾಗ್ಯವೆನ್ನಬೇಕೋ ದೌರ್ಭಾಗ್ಯವೆನ್ನಬೇಕೋ ತಿಳಿಯದು. 1856ರ ಜೂನ್ ತಿಂಗಳಿನಲ್ಲಿ ಮಹಾರ ಜಾತಿಯ ಬಾಲಕನೊಬ್ಬನು ಧಾರವಾಡದ ಸರಕಾರಿ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳಬೇಕೆಂದೂ ಎಲ್ಲರಂತೆ ಶುಲ್ಕವನ್ನು ತೆರಲು ತಾನು ಸಿದ್ಧನೆಂದೂ ಮುಂಬಯಿ ಸರಕಾರಕ್ಕೆ ಅರ್ಜಿಯನ್ನು ಸಲ್ಲಿಸಿದನು. ಅರ್ಜಿಯನ್ನು ಪರಿಶೀಲಿಸಿದ ಸರಕಾರವು ಜುಲೈ 21ರ ತನ್ನ ನಿರ್ಣಯದಲ್ಲಿ ಆಡಿದ ಮಾತು ವಿಚಿತ್ರವಾದುದು: ನ್ಯಾಯವು ಆ ಬಾಲಕನ ಪಕ್ಷದಲ್ಲಿದೆಯೆಂಬುದನ್ನು ಒಪ್ಪಿಕೊಂಡಿತು, ಆದರೆ ಹೀಗೆ ಮುಂದೆ ಬಂದ ಮಹಾರನು ಇವನೊಬ್ಬನೇ, ಇವನೊಬ್ಬನಿಗಾಗಿ ಜಾತಿಯ ಹುಡುಗರ ನಡುವೆ ಇವನನ್ನು ಬಲವಂತದಿಂದ ಕೂರಿಸಿದರೆ ಶಾಲೆಯೇ ಬರಿದಾಗುವ ಭಯವಿದೆ, ಆದಕಾರಣ ಕೈಹಾಕಲಾಗದು ಎಂದಿತು. ಅನೇಕರು ಸೇರಿ ಒಬ್ಬನನ್ನು ಹೊರಗಿಡುವುದು, ಹೊರಗಿಟ್ಟವರ ಸಂಖ್ಯೆಯನ್ನು ಕಂಡು ಅಧಿಕಾರದಲ್ಲಿರುವ ಹಿರಿಯನು ಮುಖವನ್ನು ಬೇರೆಡೆಗೆ ತಿರುಗಿಸುವುದು—ಶಾಲೆಯ ಅಂಗಳದ ಪೀಡನೆಯನ್ನು ಕುರಿತು ಈಚಿನ ವಿದ್ವಾಂಸರು ಬರೆದ ಹೊತ್ತಿಗೆಗಳಲ್ಲಿ ಇದೇ ಆಕಾರವನ್ನು ಕಾಣುತ್ತೇವೆ. ಇಲ್ಲಿ ಮುಖ ತಿರುಗಿಸಿದವನು ಮಾಸ್ತರನಲ್ಲ, ಸರಕಾರ ಎಂಬುದಷ್ಟೇ ಭೇದ.

ಲಂಡನ್ನಿನಲ್ಲಿದ್ದ ಕುಂಪಣಿಯ ನಿರ್ದೇಶಕರ ಮಂಡಲಿಯು ಈ ನಿರ್ಣಯವನ್ನು ಮೆಚ್ಚಲಿಲ್ಲ. ಸರಕಾರದ ಹಣದಿಂದ ನಡೆಯುವ ಶಾಲೆಗಳು ಎಲ್ಲ ವರ್ಗದ ಪ್ರಜೆಗಳಿಗೂ ತೆರೆದಿರಬೇಕೆಂದು 1858ರಲ್ಲಿ ಅದು ಅಭಿಪ್ರಾಯವನ್ನು ಸೂಚಿಸಿತು. ಕಾಗದದ ಮೇಲೆ ಬಾಗಿಲು ತೆರೆಯಿತು. ನೆಲದ ಮೇಲಾದರೋ ಆ ಮಕ್ಕಳು ಪಡಸಾಲೆಯಲ್ಲಿ, ಕಟ್ಟೆಯ ಕೆಳಗೆ, ಬಾಗಿಲಿನಾಚೆ ಕುಳಿತು, ಮಾಸ್ತರರು ದೂರದಿಂದ ಎಸೆದ ಪಾಟಿಯನ್ನು ಹಿಡಿದು ಕಲಿತ ಕಾಲವು ಮುಂದೆಯೂ ಬಹು ದೀರ್ಘವಾಗಿತ್ತು. 1882ರ ಹಂಟರ್ ಆಯೋಗವು ಧಾರವಾಡದ ಈ ಪ್ರಕರಣವನ್ನು ಮತ್ತೆ ಎತ್ತಿ ಹೇಳಿತು, ಡಾ. ಬಿ.ಆರ್. ಅಂಬೇಡ್ಕರರು ತಮ್ಮ ಬರಹದಲ್ಲಿ ಅದನ್ನು ಮರೆಯದೆ ಉಲ್ಲೇಖಿಸಿದರು. 1928ರಲ್ಲಿ ಅವರು ಸ್ಥಾಪಿಸಿದ ಶಿಕ್ಷಣ ಸಂಘವು ನಡೆಸಿದ ಕೆಲವೇ ವಿದ್ಯಾರ್ಥಿನಿಲಯಗಳಲ್ಲಿ ಒಂದು ಧಾರವಾಡದಲ್ಲಿಯೇ ಇದ್ದುದನ್ನು ಕಂಡಾಗ, ಎಪ್ಪತ್ತು ವರ್ಷಗಳ ಹಿಂದೆ ಹಿಂದಿರುಗಿ ಹೋದ ಆ ಹುಡುಗನಿಗೆ ಊರು ತಡವಾಗಿ ಜಾಗ ಕೊಟ್ಟಿತೆಂದು ಹೇಳಬೇಕೆನಿಸುತ್ತದೆ; ಆದರೆ ಜಾಗ ಕೊಟ್ಟದ್ದು ಊರಲ್ಲ, ಹೊರಗಿನಿಂದ ಬಂದ ಒಬ್ಬ ನಾಯಕನ ಹಟ.

ಇನ್ನು ಎರಡನೆಯ ಋಣ. ಸೆರೆಯ ವಿರೋಧವು ಈ ಜಿಲ್ಲೆಯಲ್ಲಿ ಸಾಲಿಯೊಳಗೆ ಹುಟ್ಟಲಿಲ್ಲ. ಅದು ಬೀದಿಯಲ್ಲಿ ಹುಟ್ಟಿತು, ನೆತ್ತರಿನಲ್ಲಿ ಹುಟ್ಟಿತು. ಅಸಹಕಾರ ಚಳವಳಿಯ ಏರುಕಾಲದಲ್ಲಿ ಧಾರವಾಡದ ಜಕಣಿಬಾವಿಯ ಬಳಿ ಸೆರೆಯ ಅಂಗಡಿಯೆದುರು ನಡೆದ ಪಿಕೆಟಿಂಗಿನ ಸಂದರ್ಭದಲ್ಲಿ, 1921ರ ಜುಲೈ 1ರಂದು ಪೊಲೀಸರು ಗುಂಡು ಹಾರಿಸಿದರು. ಖಿಲಾಫತ್ ಪಕ್ಷದ ಮೂವರು ಕಾರ್ಯಕರ್ತರು ಮಡಿದರು. ಕಾಂಗ್ರೆಸ್ಸಿನವರ ಮೇಲೂ ಖಿಲಾಫತ್ತಿನವರ ಮೇಲೂ ಮೊಕದ್ದಮೆಗಳು ಹೂಡಲ್ಪಟ್ಟವು. ಕುಡಿತವನ್ನು ಬಿಡಿಸುವುದು ಪುಣ್ಯಕಾರ್ಯವೆಂದು ಮಾತ್ರ ತಿಳಿದಿದ್ದ ಹಳ್ಳಿಗರಿಗೆ, ಅದು ರಾಜ್ಯವನ್ನೇ ಅಲುಗಿಸುವ ಕಾರ್ಯವೆಂಬುದು ಆ ದಿನ ತಿಳಿಯಿತು. ಹೇಗೆ ಅಲುಗಿಸುತ್ತದೆ? ಅಬಕಾರಿಯು ಸರಕಾರದ ಆದಾಯದ ಒಂದು ದೊಡ್ಡ ಕಂಬವಾಗಿದ್ದುದರಿಂದ. ಆ ಕಂಬದ ಮೇಲೆ ನಿಂತಿದ್ದ ಮಾಳಿಗೆಗಳಲ್ಲಿ ಒಂದು ವಿದ್ಯಾ ಇಲಾಖೆ. ಸೆರೆಯನ್ನು ನಿಲ್ಲಿಸಿದರೆ ಸಾಲಿಗಳಿಗೆ ಹಣವೆಲ್ಲಿಂದ ಬಂದೀತೆಂಬ ಪ್ರಶ್ನೆಯು 1937ರಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದಾಗ ನಗ್ನವಾಗಿ ಎದುರು ನಿಂತಿತು. ಕುಡುಕನ ಕಾಸಿನಿಂದ ಅವನ ಮಗುವಿಗೆ ಅಕ್ಷರ ಕಲಿಸುವ ಈ ಏರ್ಪಾಡನ್ನು ಗಾಂಧೀಜಿಯವರು ಕ್ರೂರವಾದ ವ್ಯಂಗ್ಯವೆಂದು ಕಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ, ಕೈಕಸಬನ್ನು ನಡುವಿಗಿಟ್ಟು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವ ಮೂಲಶಿಕ್ಷಣವನ್ನು ಅವರು ಮುಂದಿಟ್ಟುದಕ್ಕೆ ಇದೂ ಒಂದು ಕಾರಣ. ಧಾರವಾಡ ಜಿಲ್ಲೆಯಲ್ಲಿಯೂ ಮೂಲಶಿಕ್ಷಣದ ಸಾಲಿಗಳು ತೆರೆದವು, ತಕಲಿಗಳು ತಿರುಗಿದವು, ಕಾಲಾಂತರದಲ್ಲಿ ನಿಂತುಹೋದವು. ಆ ಪ್ರಯೋಗವು ಸೋತುದನ್ನು ಕುರಿತು ಬಹಳ ಮಂದಿ ಬರೆದಿದ್ದಾರೆ. ಅದು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೆಂಬುದನ್ನು ನೆನೆದವರು ಕಡಿಮೆ.

ಸ್ವಾತಂತ್ರ್ಯಾನಂತರ ಮುಂಬಯಿ ರಾಜ್ಯವು 1949ರ ಪಾನನಿರೋಧ ಕಾಯಿದೆಯನ್ನು ಮಾಡಿ 1950ರ ಏಪ್ರಿಲಿನಿಂದ ಪೂರ್ಣ ಪಾನನಿರೋಧವನ್ನು ಜಾರಿಗೆ ತಂದಿತು. ಆಗ ಧಾರವಾಡವು ಆ ರಾಜ್ಯದ ಅಂಗವಾಗಿದ್ದುದರಿಂದ ಕಲಘಟಗಿ ಸೀಮೆಯೂ ಕಾಯಿದೆಯ ಮಟ್ಟಿಗೆ ಪಾನಮುಕ್ತವಾಯಿತು. ಕಾಯಿದೆಯ ಮಟ್ಟಿಗೆ ಎಂದುದಕ್ಕೆ ಅರ್ಥವಿದೆ: ಅಡವಿಯ ಅಂಚಿನ ಹಳ್ಳಿಗಳಲ್ಲಿ ಬೆಲ್ಲ, ಕಟ್ಟಿಗೆ, ಹಳ್ಳದ ನೀರು ಮೂರಕ್ಕೂ ಬರವಿಲ್ಲದಾಗ ಕಳ್ಳಭಟ್ಟಿಗೆ ಎಡೆಯು ತಾನಾಗಿಯೇ ಸಿಗುತ್ತದೆ. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯದೊಡನೆ ಒಂದಾಯಿತು. 1967ರಲ್ಲಿ ಆ ರಾಜ್ಯವು ಪಾನನಿರೋಧವನ್ನು ಕೈಬಿಟ್ಟಿತು. ಹೀಗೆ ಹದಿನೇಳು ವರ್ಷಗಳ ಅವಧಿಯಲ್ಲಿ ಒಂದೇ ಸಾಲಿಯ ಒಬ್ಬನೇ ಮಾಸ್ತರನು ಮೊದಲು ಕುಡಿತವು ಅಪರಾಧವೆಂದೂ ಆಮೇಲೆ ಕುಡಿತವು ಕೆಟ್ಟದ್ದು ಆದರೆ ಅಪರಾಧವಲ್ಲವೆಂದೂ ಪಾಠ ಹೇಳಬೇಕಾಯಿತು. ಸಾರಾಯಿಯು 2007ರ ಜುಲೈ 1ರಿಂದ ಕರ್ನಾಟಕದಲ್ಲಿ ನಿಷಿದ್ಧವಾಯಿತು; ಆದರೆ ಬಾಟಲಿಯ ಮದ್ಯದ ಅಬಕಾರಿ ತೆರಿಗೆಯು ಇಂದಿಗೂ ರಾಜ್ಯದ ಬೊಕ್ಕಸದ ಮುಖ್ಯ ಆದಾಯಗಳಲ್ಲಿ ಒಂದು. ಗಾಂಧೀಜಿಯವರು ಕಂಡ ವ್ಯಂಗ್ಯವು ಇಂದಿಗೂ ಹಳತಾಗಿಲ್ಲ.

ಸರಕಾರವು ಹೀಗೆ ಒಮ್ಮೆ ಬಾಗಿಲನ್ನು ಮುಚ್ಚಿ ಒಮ್ಮೆ ತೆರೆಯುತ್ತಿದ್ದ ಹೊತ್ತಿನಲ್ಲಿ ಹಳ್ಳಿಯ ಜನರ ಮನಸ್ಸನ್ನು ಬೇರೆಯೇ ಮಾರ್ಗದಿಂದ ಹೊಕ್ಕವರು ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು. 1930ರ ಆಗಸ್ಟ್ 1ರಂದು ಜನಿಸಿದ ಈ ಸ್ವಾಮಿಗಳು 1975ರಲ್ಲಿ ಹೆಗಲಿಗೆ ಜೋಳಿಗೆಯನ್ನು ಹಾಕಿಕೊಂಡು ಊರೂರು ಹೊರಟರು. ಜಂಗಮನು ಜೋಳಿಗೆಯನ್ನು ಹಿಡಿದು ಮನೆಯೆದುರು ನಿಂತರೆ ಜೋಳವನ್ನೋ ಹಿಟ್ಟನ್ನೋ ಕಾಣಿಕೆಯನ್ನೋ ಹಾಕುವುದು ಈ ನಾಡಿನ ಸನಾತನ ರೂಢಿ. ಇವರು ಅದೊಂದನ್ನೂ ಬೇಡದೆ, ನಿಮ್ಮ ಚಟವನ್ನು ಈ ಜೋಳಿಗೆಗೆ ಹಾಕಿರಿ ಎಂದರು. ಸೆರೆಯ ಬಾಟಲಿ, ಬೀಡಿಯ ಕಟ್ಟು, ತಂಬಾಕಿನ ಚಂಚಿ, ಇಸ್ಪೀಟೆಲೆ, ಮುಂದೆ ಗುಟಕಾದ ಚೀಟಿ, ಎಲ್ಲವೂ ಅದರೊಳಗೆ ಬಿದ್ದವು. ಈ ಉಪಾಯದ ಬಲವಿರುವುದು ಅದರ ಸರಳತೆಯಲ್ಲಷ್ಟೇ ಅಲ್ಲ. ಇಲ್ಲಿ ಚಟದವನನ್ನು ಅಪರಾಧಿಯ ಪಂಕ್ತಿಯಲ್ಲಿ ನಿಲ್ಲಿಸದೆ ದಾನಿಯ ಪಂಕ್ತಿಯಲ್ಲಿ ನಿಲ್ಲಿಸಲಾಯಿತು. ಗುರುವೇ ಬೇಡುವವನಾದನು, ಕುಡುಕನೇ ಕೊಡುವವನಾದನು. ಕೊಟ್ಟ ವಸ್ತುವನ್ನು ಜಂಗಮನ ಜೋಳಿಗೆಯಿಂದ ಮರಳಿ ತೆಗೆದುಕೊಳ್ಳುವುದುಂಟೆ? ಇದರ ಜೊತೆಗೆ ಈ ಜೋಳಿಗೆಯು ಮೊದಲು ನಿಂತದ್ದು ಹಿರಿಯರ ಮುಂದೆ. ತಂದೆಯು ಚಂಚಿಯನ್ನು ಹಾಕುವುದನ್ನು ಮಗನು ನಿಂತು ನೋಡಿದನು. ಶಾಲೆ ಕಾಲೇಜುಗಳಿಗೂ ಸ್ವಾಮಿಗಳು ಹೋದರು, ಹುಡುಗರಿಗೂ ಉಪದೇಶಿಸಿದರು. ಆದರೆ ಮಕ್ಕಳ ಕೈಯಿಂದ ಪ್ರತಿಜ್ಞೆ ಮಾಡಿಸಿ ಹಿರಿಯರನ್ನು ಬಿಟ್ಟುಬಿಡುವ ಸುಲಭದ ದಾರಿಯನ್ನು ಅವರು ಹಿಡಿಯಲಿಲ್ಲ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವನ್ನೇ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿರುವುದು ಸಮುಚಿತವೇ ಸರಿ. ಸುತ್ತೋಲೆಯು ಸಾಲಿಗೆ ತಲುಪುವಾಗ ಜೋಳಿಗೆಯು ಕಳಚಿ ಪ್ರತಿಜ್ಞೆಯೊಂದೇ ಉಳಿಯುತ್ತದೆಂಬುದು ನಮ್ಮ ಸಣ್ಣ ತಕರಾರು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆಯು ನಡೆಸುವ ಮದ್ಯವರ್ಜನ ಶಿಬಿರಗಳೂ, ಶಾಲೆಗಳಲ್ಲಿ ಅದು ನಡೆಸುವ ‘ಸ್ವಾಸ್ಥ್ಯ ಸಂಕಲ್ಪ’ ಕಾರ್ಯಕ್ರಮವೂ ಇದೇ ಪರಂಪರೆಗೆ ಸೇರಿದವು.

ಭಯವನ್ನು ಬಿಡಿಸುವ ಕೆಲಸವು ಶಾಸನದ ದಾರಿಯಿಂದ ನಡೆಯಿತು, ಅದೂ ಬಹು ತಡವಾಗಿ. ಶಾರೀರಿಕ ದಂಡನೆಯನ್ನು ಶಿಕ್ಷಣದಿಂದ ದೃಢವಾಗಿ ಹೊರಗಿಡಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿತು. ಕರ್ನಾಟಕ ಶಿಕ್ಷಣ ಅಧಿನಿಯಮವು 1983ರಲ್ಲಿ ರಚಿತವಾಗಿ 1995ರಲ್ಲಿ ಜಾರಿಗೆ ಬಂದು, ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಪೀಡಿಸುವ ರ‍್ಯಾಗಿಂಗನ್ನು ದಂಡನೀಯವೆಂದು ಸಾರಿತು. ಅದೇ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ‘ನಲಿ-ಕಲಿ’ ಎಂಬ ಪ್ರಯೋಗವು, ಋಷಿವ್ಯಾಲಿಯ ಶಾಲೆಗಳನ್ನು ಕಂಡು ಬಂದ ಶಿಕ್ಷಕರ ಉತ್ಸಾಹದಿಂದ ಮೊಳೆಯಿತು. ಇದನ್ನು ಸಾಮಾನ್ಯವಾಗಿ ಓದು ಬರಹ ಕಲಿಸುವ ಒಂದು ವಿಧಾನವೆಂದು ವರ್ಣಿಸುವರು. ನಮಗಾದರೋ ಅದು ಕನ್ನಡ ಸಾಲಿಯ ಆಸನವ್ಯವಸ್ಥೆಯಲ್ಲಿ ಆದ ಮಹತ್ತರವಾದ ಕ್ರಾಂತಿಯಾಗಿ ಕಾಣುತ್ತದೆ. ಮಾಸ್ತರರು ಕುರ್ಚಿಯಿಂದಿಳಿದು ಮಕ್ಕಳೊಡನೆ ನೆಲದ ಮೇಲೆ ದುಂಡಾಗಿ ಕುಳಿತರು. ಮುಂದಿನ ಸಾಲಿನ ಜಾಣ, ಹಿಂದಿನ ಸಾಲಿನ ದಡ್ಡ ಎಂಬ ಶ್ರೇಣಿಯು ಅಳಿಯಿತು. ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರಲು ಅವಕಾಶವಾದುದರಿಂದ, ಉತ್ತರ ಬಾರದವನ ಕೆನ್ನೆಗೆ ಹೊಡೆಯಲು ಉತ್ತರ ಬಂದವನಿಗೆ ಸಂದರ್ಭವೇ ಉಳಿಯಲಿಲ್ಲ. 2009ರ ಸುಮಾರಿಗೆ ಈ ಪದ್ಧತಿಯು ರಾಜ್ಯದ ಎಲ್ಲ ಸರಕಾರಿ ಕಿರಿಯ ತರಗತಿಗಳಿಗೂ ಹಬ್ಬಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕು ಕಾಯಿದೆಯ 17ನೆಯ ಕಲಮು, ಮಗುವನ್ನು ಹೊಡೆಯುವುದನ್ನೂ ಮನಸ್ಸನ್ನು ನೋಯಿಸುವುದನ್ನೂ ನಿಷೇಧಿಸಿತು. ಕ್ಯಾಂಪ್‌ಬೆಲ್ಲನ ವರದಿಯಿಂದ ಈ ಕಲಮಿಗೆ 186 ವರ್ಷಗಳ ದಾರಿ.

ಛಡಿಯನ್ನು ಕಸಿದುಕೊಂಡ ಮೇಲೆ ಮಾಸ್ತರರ ಕೈಗೆ ಏನನ್ನು ಕೊಡಬೇಕು? ಈ ಪ್ರಶ್ನೆಯನ್ನು ಲೋಕದ ಬೇರೆ ಭಾಗಗಳೂ ಎದುರಿಸಿದುವು. ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ 1983ರಲ್ಲಿ ಸಮವಸ್ತ್ರ ತೊಟ್ಟ ಪೊಲೀಸರು ತರಗತಿಗಳಿಗೆ ಬಂದು ಮಾದಕವಸ್ತುಗಳ ಕೇಡನ್ನು ಬೋಧಿಸುವ ‘ಡೇರ್’ ಎಂಬ ಕಾರ್ಯಕ್ರಮವು ಮೊದಲಾಗಿ ದೇಶದಲ್ಲೆಲ್ಲ ವ್ಯಾಪಿಸಿತು. ಆ ಪಾಠವನ್ನು ಕೇಳಿದ ಹುಡುಗರಿಗೂ ಕೇಳದವರಿಗೂ ಮುಂದೆ ಚಟದ ವಿಷಯದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲವೆಂದು ಪರೀಕ್ಷಕರು ಮತ್ತೆ ಮತ್ತೆ ಕಂಡುಕೊಂಡ ಮೇಲೆ ಅದನ್ನು ತಿದ್ದಬೇಕಾಯಿತು. ನಾರ್ವೆ ದೇಶದಲ್ಲಾದರೋ ಅದೇ 1983ರಲ್ಲಿ, ಸಹಪಾಠಿಗಳ ಪೀಡನೆಯಿಂದ ಬೇಸತ್ತ ಮೂವರು ಬಾಲಕರು ಹಿಂದಿನ ವರ್ಷ ಪ್ರಾಣ ನೀಗಿದ ದಾರುಣ ಪ್ರಸಂಗದಿಂದ ಎಚ್ಚೆತ್ತು, ಡಾನ್ ಓಲ್ವೆಯಸ್ ಎಂಬ ಮನಶ್ಶಾಸ್ತ್ರಜ್ಞನ ನೇತೃತ್ವದಲ್ಲಿ ಬರ್ಗೆನ್ ನಗರದ 42 ಶಾಲೆಗಳಲ್ಲಿ ಬೇರೆಯೇ ಪ್ರಯೋಗವನ್ನು ಮಾಡಿದರು. ಅಲ್ಲಿ ಹುಡುಗರಿಗೆ ಉಪನ್ಯಾಸಕ್ಕಿಂತ ಹೆಚ್ಚಾಗಿ ಹಿರಿಯರಿಗೆ ಕೆಲಸವನ್ನು ಹಚ್ಚಲಾಯಿತು: ಬಿಡುವಿನ ವೇಳೆಯಲ್ಲಿ ಅಂಗಳದಲ್ಲಿ ಶಿಕ್ಷಕರು ನಿಂತಿರಬೇಕು, ಕಂಡಾಗ ಮುಖ ತಿರುಗಿಸಬಾರದು, ಪೋಷಕರನ್ನು ಕರೆದು ಮಾತಾಡಬೇಕು. ಪೀಡನೆಯು ಗಣನೀಯವಾಗಿ ಇಳಿಯಿತೆಂದು ಆತನು ವರದಿ ಮಾಡಿದನು.

ನಮ್ಮ ನಾಡಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಈ ಶತಮಾನದ ಆರಂಭದ ವರ್ಷಗಳಲ್ಲಿ ರೂಪಿಸಿದ ಜೀವನಕೌಶಲ ಶಿಕ್ಷಣವು ಕರ್ನಾಟಕದ 4 ಜಿಲ್ಲೆಗಳ 261 ಪ್ರೌಢಶಾಲೆಗಳಲ್ಲಿ ಸುಮಾರು 55,000 ಹುಡುಗ ಹುಡುಗಿಯರನ್ನು ತಲುಪಿತು. ಹೊರಗಿನ ಪರಿಣತರನ್ನು ಕರೆಯಿಸದೆ ಶಾಲೆಯ ಶಿಕ್ಷಕರನ್ನೇ ತರಬೇತುಗೊಳಿಸಿ, ಭಾಷಣದ ಬದಲು ಗುಂಪುಚಟುವಟಿಕೆಗಳಿಂದ, ಕೋಪ ಬಂದಾಗ ಏನು ಮಾಡಬೇಕು, ಗೆಳೆಯನು ಬೀಡಿಯನ್ನು ಮುಂದೊಡ್ಡಿದಾಗ ಹೇಗೆ ಬೇಡವೆನ್ನಬೇಕು ಎಂಬುದನ್ನು ಕಲಿಸುವ ಈ ಕ್ರಮವನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶವು ಪ್ರಾಮಾಣಿಕವಾದುದರಿಂದಲೇ ಬೆಲೆಯುಳ್ಳದ್ದಾಗಿದೆ. ಕಾರ್ಯಕ್ರಮದಲ್ಲಿ ಪಾಲ್ಗೊಂಡ ಮಕ್ಕಳ ಆತ್ಮಗೌರವವು ಹೆಚ್ಚಿತ್ತು, ಶಾಲೆಯೊಡನೆಯೂ ಶಿಕ್ಷಕರೊಡನೆಯೂ ಅವರ ಹೊಂದಾಣಿಕೆಯು ಉತ್ತಮವಾಗಿತ್ತು. ಆದರೆ ಮನೆಯೊಡನೆ, ಓರಗೆಯವರೊಡನೆ ಹೊಂದಾಣಿಕೆಯ ವಿಷಯದಲ್ಲಿ ಅವರಿಗೂ ಇತರರಿಗೂ ಅಂತರವು ಕಾಣಲಿಲ್ಲ. ಮಾಸ್ತರ ಮತ್ತು ಶಿಷ್ಯನ ನಡುವಣ ಭಯವನ್ನು ಕರಗಿಸುವುದು ಒಂದು ತಲೆಮಾರಿನಲ್ಲಿ ಆಗುವ ಕೆಲಸ. ಹುಡುಗ ಹುಡುಗರ ನಡುವಣ ಭಯವು ಇನ್ನೂ ಆಳದಲ್ಲಿ, ಮನೆಯಲ್ಲಿ, ಕೇರಿಯಲ್ಲಿ, ಜಾತಿಯಲ್ಲಿ ಬೇರೂರಿದೆ ಎಂದು ನಾವು ಈ ಅಂಕಿಗಳನ್ನು ಓದಿಕೊಳ್ಳುತ್ತೇವೆ.

ತಂಬಾಕಿನ ಮಾತು ಬಂದಾಗ ಕಾಯಿದೆಯು ಗಜವನ್ನು ಹಿಡಿದು ಅಳೆಯಿತು. 2003ರ ಕೇಂದ್ರ ಕಾಯಿದೆಯು ಶಿಕ್ಷಣ ಸಂಸ್ಥೆಯ ಸುತ್ತ 100 ಗಜದೊಳಗೆ ತಂಬಾಕನ್ನು ಮಾರಕೂಡದೆಂದೂ, 18 ವರ್ಷ ತುಂಬದವರಿಗೆ ಎಲ್ಲಿಯೂ ಮಾರಕೂಡದೆಂದೂ ವಿಧಿಸಿತು. ಗುಟಕಾವನ್ನು ಕರ್ನಾಟಕವು 2013ರ ಮೇ 31ರಿಂದ ನಿಷೇಧಿಸಿತು. ಸಾಲಿಯ ಗೋಡೆಯ ಮೇಲೆ ಹಳದಿಯ ಗೆರೆಯೆಳೆದು ಎಚ್ಚರಿಕೆಯ ಫಲಕವನ್ನು ಬರೆಯಿಸಿದರು. ಆದರೆ ಊರೇ 100 ಗಜದಷ್ಟಿರುವ ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯು ಎಲ್ಲಿಗೆ ಹೋದೀತು? ಅಪ್ಪನು ಎಂಟಾಣೆಯನ್ನು ಕೈಗಿಟ್ಟು ಬೀಡಿ ತಾ ಎಂದು ಮಗನನ್ನು ಕಳುಹಿಸುತ್ತಿದ್ದ ರೂಢಿಯು, ಈಗ ಹತ್ತು ರೂಪಾಯಿ ಕೊಟ್ಟು ಪಾನಮಸಾಲೆಯ ಚೀಟಿಯನ್ನೂ ಜರ್ದಾ ಚೀಟಿಯನ್ನೂ ಬೇರೆಬೇರೆಯಾಗಿ ತರಿಸುವಷ್ಟಕ್ಕೆ ಬದಲಾಗಿದೆ. ಎರಡನ್ನು ಬೆರೆಸಿದರೆ ನಿಷಿದ್ಧವಾದ ಗುಟಕಾವೇ ಆಗುತ್ತದೆಂಬುದನ್ನು ಹುಡುಗನು ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಕಲಿತಿರುತ್ತಾನೆ.

ಇವೆಲ್ಲಕ್ಕಿಂತ ಸದ್ದಿಲ್ಲದೆ ಬಂದ ಏರ್ಪಾಡೊಂದು ಮಕ್ಕಳ ಗ್ರಾಮಸಭೆ. ಈ ಶತಮಾನದ ಮೊದಲ ದಶಕದಿಂದ ಕರ್ನಾಟಕದ ಗ್ರಾಮಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದು, ಅವರ ಅಹವಾಲುಗಳನ್ನು ಕೇಳಿ, ನಡಾವಳಿಯಲ್ಲಿ ಬರೆದುಕೊಳ್ಳಬೇಕೆಂಬುದು ನಿಯಮ. ಶೌಚಾಲಯಕ್ಕೆ ನೀರಿಲ್ಲ, ಬಸ್ಸು ನಿಲ್ಲುವುದಿಲ್ಲ ಎಂಬ ಮಾತುಗಳ ಜೊತೆಯಲ್ಲಿಯೇ, ಸಾಲಿಯ ಬದಿಯ ಅಂಗಡಿಯಲ್ಲಿ ಸೆರೆ ಮಾರುತ್ತಾರೆ, ರಾತ್ರಿ ಸಾಲಿಯ ಕಟ್ಟೆಯ ಮೇಲೆ ಕುಡಿದು ಬಾಟಲಿಗಳನ್ನು ಒಡೆದು ಹೋಗುತ್ತಾರೆ, ಬಸ್ಸಿನಲ್ಲಿ ದೊಡ್ಡ ಹುಡುಗರು ಕಾಡಿಸುತ್ತಾರೆ ಎಂಬ ಮಾತುಗಳೂ ಈ ಸಭೆಗಳಲ್ಲಿ ಕೇಳಿಬರುತ್ತವೆ. ಹೇಳುವವರು ಹೆಚ್ಚಾಗಿ ಹುಡುಗಿಯರು. ಅಧ್ಯಕ್ಷರೂ ಅಭಿವೃದ್ಧಿ ಅಧಿಕಾರಿಯೂ ಮಾಸ್ತರರೂ ಅಕ್ಕೋರೂ ಎದುರಿಗೆ ಕುಳಿತಿರುತ್ತಾರೆ. ಕೆಲವು ಸಲ ಬಾಟಲಿ ಒಡೆದವನ ಅಣ್ಣನೂ ಸದಸ್ಯನಾಗಿ ಅಲ್ಲಿಯೇ ಇರುತ್ತಾನೆ. ಹಿಂದಿನ ವರ್ಷದ ಅಹವಾಲುಗಳ ಮೇಲೆ ಪಂಚಾಯತಿಯು ಏನು ಕ್ರಮ ಕೈಗೊಂಡಿತೆಂಬುದನ್ನು ಮಕ್ಕಳೆದುರಿಗೆ ಓದಿ ಹೇಳಿದ ಮೇಲೆಯೇ ಆ ವರ್ಷದ ಹೊಸ ಮಾತನ್ನು ಎತ್ತಿಕೊಳ್ಳಬೇಕು. ಹಾಗೆ ಓದುವುದನ್ನು ಬಿಟ್ಟ ಸಭೆಗಳಲ್ಲಿ, ಮೊದಲು ಕೈಯೆತ್ತಿ ಅದನ್ನು ನೆನಪಿಸುವುದಕ್ಕೂ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಹೇಗೋ ಸಿಕ್ಕಿಯೇ ಸಿಗುತ್ತಾಳೆ.